ಟಿಡಿಎಸ್ ಕಡಿಮೆ ಇದ್ದರೆ ಸಾಕಾ?

ಪ್ರಶ್ನೆ: ಮೇಡಂ, ನಮ್ಮದು ಪಾವಗಡ ತಾಲ್ಲೂಕು. ಬೋರ್‌ವೆಲ್ 850 ಅಡಿ, ಹಾಕಿಸಿ ಆರು ವರ್ಷ. ನೀರು ಸಿಹಿ. ಬೇಳೆ ಬೇಗ ಬೇಯುತ್ತದೆ, ಸೋಪಿನ ನೊರೆ ಚೆನ್ನಾಗಿ ಬರುತ್ತದೆ. ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ಲವಣ) 480 ಇದೆ, ಧಾರಾಳವಾಗಿ ಕುಡಿಯಿರಿ ಅಂತ ಫಿಲ್ಟರ್ ಮಾರುವವರು ಹೇಳಿದರು. ಆದರೆ ಎಂಟು ವರ್ಷದ ಮಗನ ಹೊಸ ಹಲ್ಲುಗಳಲ್ಲಿ ಸುಣ್ಣದಂಥ ಪಟ್ಟೆ ಕಾಣುತ್ತಿದೆ. ಎರಡು ವರ್ಷದ ಮಗಳೂ ಇದ್ದಾಳೆ. ದಾಳಿಂಬೆ ತೋಟದಲ್ಲಿ ನೆಲ ಬಿಗಿದುಕೊಂಡು ನೀರು ಇಂಗುತ್ತಿಲ್ಲ. ಲ್ಯಾಬ್ ರಿಪೋರ್ಟ್ ಕಳಿಸಿದ್ದೇನೆ.

ಉತ್ತರ: ಪೂರ್ತಿ ರಿಪೋರ್ಟ್ ಕಳಿಸಿದ್ದು ಒಳ್ಳೆಯದಾಯಿತು. ಮೊದಲು ಮಕ್ಕಳ ವಿಷಯ. ಫ್ಲೋರೈಡ್ ಲೀಟರಿಗೆ 2.4 ಮಿಲಿಗ್ರಾಂ ಇದೆ, ಹಲ್ಲಿನ ಪಟ್ಟೆಗೆ ಇದೇ ಕಾರಣ ಇರಬಹುದು. ಭಾರತೀಯ ಮಾನಕ 1.0 ಎನ್ನುತ್ತದೆ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಈ ನೀರನ್ನು ಕುಡಿಯಲು, ಅಡುಗೆಗೆ ಇವತ್ತೇ ನಿಲ್ಲಿಸಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಜಾಸ್ತಿಯೇ ಆಗುತ್ತದೆ. ಮಗನನ್ನು ಹಲ್ಲಿನ ವೈದ್ಯರಿಗೆ ತೋರಿಸಿ. ನನಗೆ ಹೆಚ್ಚು ಆತಂಕ ಮಗಳದ್ದು. ಅವಳ ಶಾಶ್ವತ ಹಲ್ಲುಗಳು ದವಡೆಯೊಳಗೆ ಈಗ ರೂಪುಗೊಳ್ಳುತ್ತಿವೆ. ಈಗ ನೀರು ಬದಲಿಸಿದರೆ ಅವನ್ನು ಉಳಿಸಬಹುದು.

ಟಿಡಿಎಸ್ ಮೀಟರು ಕರಗಿದ ಲವಣಗಳನ್ನೆಲ್ಲ ಒಟ್ಟಿಗೆ ಅಂದಾಜು ಮಾಡುತ್ತದೆ. ಅದರಲ್ಲಿ ಯಾವುದು ಎಷ್ಟು ಅಂತ ಹೇಳುವುದಿಲ್ಲ. 480ರಲ್ಲಿ 2.4 ಅದಕ್ಕೆ ಕಾಣುವುದೇ ಇಲ್ಲ.

ನಿಮಗೆ ಒಳ್ಳೆಯದು ಅನ್ನಿಸಿದ ಗುಣಗಳಲ್ಲೇ ಸಮಸ್ಯೆ ಇದೆ. ನೊರೆ ಚೆನ್ನಾಗಿ ಬರುವುದು ಕ್ಯಾಲ್ಸಿಯಂ ಕಡಿಮೆ ಇರುವುದರಿಂದ, ನಿಮ್ಮಲ್ಲಿ ಲೀಟರಿಗೆ ಬರೀ 24 ಮಿಲಿಗ್ರಾಂ. ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡನ್ನು ಕಟ್ಟಿಹಾಕಿ ಕಲ್ಲಲ್ಲೇ ಉಳಿಸುತ್ತದೆ. ಗ್ರಾನೈಟ್ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಕ್ಯಾಲ್ಸಿಯಂ ಇಳಿದು ಸೋಡಿಯಂ ಮತ್ತು ಬೈಕಾರ್ಬೊನೇಟ್ ಏರುತ್ತವೆ, ಆಗ ಫ್ಲೋರೈಡಿಗೆ ತಡೆಯೇ ಇರುವುದಿಲ್ಲ.

ನಿಮ್ಮ ತೋಟ ಹಾಳಾಗುತ್ತಿರುವುದೂ ಇದೇ ಕಾರಣಕ್ಕೆ. ಬೈಕಾರ್ಬೊನೇಟ್ ಲೀಟರಿಗೆ 366 ಮಿಲಿಗ್ರಾಂ, ಅಂದರೆ 6 ಮಿಲಿ ಈಕ್ವಿವಲೆಂಟ್ (ಬೇರೆ ಬೇರೆ ಲವಣಗಳನ್ನು ಒಂದಕ್ಕೊಂದು ಹೋಲಿಸುವ ಅಳತೆ). ಅದೇ ಅಳತೆಯಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿ 2.2. ಕಳೆದರೆ 3.8 ಉಳಿಯಿತು. ಇದನ್ನು ಆರ್‌ಎಸ್‌ಸಿ (ಉಳಿಕೆ ಸೋಡಿಯಂ ಕಾರ್ಬೊನೇಟ್) ಅನ್ನುತ್ತಾರೆ. 1.25ರೊಳಗಿದ್ದರೆ ನೀರಾವರಿಗೆ ಭಯವಿಲ್ಲ, 2.5 ದಾಟಿದರೆ ನೀರು ಸರಿಯಿಲ್ಲ. ಮಣ್ಣಿನ ಕ್ಯಾಲ್ಸಿಯಂ ಸುಣ್ಣವಾಗಿ ಕೂತುಬಿಡುತ್ತದೆ, ಆ ಜಾಗಕ್ಕೆ ಸೋಡಿಯಂ ಸೇರಿ ನೆಲ ಚೌಳಾಗುತ್ತದೆ. ರಿಪೋರ್ಟಿನಲ್ಲಿ ಎಸ್‌ಎಆರ್ (ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಹೋಲಿಸಿದರೆ ಸೋಡಿಯಂ ಎಷ್ಟು ಎಂಬ ಲೆಕ್ಕ) 5.7, 'ಉತ್ತಮ' ಅಂತ ಬರೆದಿದ್ದಾರೆ. ಬೈಕಾರ್ಬೊನೇಟ್ ಆ ಲೆಕ್ಕದಲ್ಲಿ ಇಲ್ಲ. ಅದೊಂದನ್ನೇ ನೋಡಿ ಸುಮ್ನೆ ಕೂರಬೇಡಿ.

ಇದಕ್ಕೆ ಕ್ಯಾಲ್ಸಿಯಂ ಕೊಡುವ ಜಿಪ್ಸಂ ಬೇಕು. ನಿಮ್ಮ ನೀರಿನ ಆರ್‌ಎಸ್‌ಸಿಯನ್ನು 1.25ಕ್ಕೆ ಇಳಿಸಲು 1000 ಲೀಟರಿಗೆ ಸುಮಾರು 220 ಗ್ರಾಂ ಶುದ್ಧ ಜಿಪ್ಸಂ ಹಿಡಿಯುತ್ತದೆ. ಡ್ರಿಪ್ ಪೈಪಿಗೆ ಹಾಕಬೇಡಿ, ಕಟ್ಟಿಕೊಳ್ಳುತ್ತದೆ. ಗಿಡದ ಪಾತಿಗೆ ಹರಡಿ, ಕೊಟ್ಟಿಗೆ ಗೊಬ್ಬರವನ್ನೂ ಕೊಡಿ. ಅದಕ್ಕೆ ಮೊದಲು ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ. ಎಷ್ಟು ಹಾಕಬೇಕು ಎಂಬುದು ಮಣ್ಣಿನ ಮೇಲೂ ನಿಂತಿದೆ.

ಕುಡಿಯುವುದಕ್ಕೆ ಮಳೆನೀರೇ ನನ್ನ ಮೊದಲ ಆಯ್ಕೆ. 1000 ಚದರಡಿ ಮಾಳಿಗೆಗೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರಿನಷ್ಟು ನೀರು. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಸೋಸಿ, ಮುಚ್ಚಿದ ತೊಟ್ಟಿಗೆ ತುಂಬಿಸಿ, ಕಾಯಿಸಿ ಕುಡಿಯಿರಿ. ಅಲ್ಲಿಯವರೆಗೆ ಊರಿನ ಶುದ್ಧ ನೀರಿನ ಘಟಕದಿಂದ ತನ್ನಿ. ಆದರೆ ಆ ನೀರಿನ ಫ್ಲೋರೈಡನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಶುಭ್ರವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ತೊಳೆದು, ಒಂದು ಲೀಟರ್ ತುಂಬಿಸಿ ಲ್ಯಾಬಿಗೆ ಕೊಡಿ. ಆ ರಿಪೋರ್ಟನ್ನೂ ಕಳಿಸಿ, ನೋಡಿ ಬರೆಯುತ್ತೇನೆ.