ಎಲೆ ಉದುರುವ ಕಾಲದಲ್ಲಿ ಕೈತೋಟದಲ್ಲಿ ಏನೇನು ಕೆಲಸ ಮುಗಿಸಬೇಕು?

ಮೊದಲಿಗೆ, ಉದುರಿದ ಎಲೆಗಳನ್ನು ದಯವಿಟ್ಟು ಸುಡಬೇಡಿ. ಒಟ್ಟು ಮಾಡಿ, ನೀರು ಚಿಮುಕಿಸಿ, ತೂತು ಮಾಡಿದ ಚೀಲದಲ್ಲಿ ತುಂಬಿಟ್ಟರೆ ಒಂದೆರಡು ವರ್ಷದಲ್ಲಿ ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಕಾಡಿನ ವಾಸನೆ ಬರುವ ಎಲೆಗೊಬ್ಬರ ಸಿಗುತ್ತದೆ. ಮಣ್ಣಿನಲ್ಲಿ ತೇವ ಹಿಡಿದಿಡೋಕೆ ಅದು ತುಂಬಾ ಒಳ್ಳೆಯದು. ರೋಗ ಬಂದ ಎಲೆಗಳನ್ನು ಮಾತ್ರ ಅದಕ್ಕೆ ಸೇರಿಸಬೇಡಿ.

ಚಳಿ ಜಾಸ್ತಿ ಇರೋ ಕಡೆ ಬೆಳ್ಳುಳ್ಳಿ ನೆಡೋಕೂ ಇದೇ ಸಮಯ. ಎಸಳು ಬಿಡಿಸಿ, ಚೂಪು ತುದಿ ಮೇಲಿರುವಂತೆ, ಸುಮಾರು 5 ಸೆಂ.ಮೀ. ಆಳಕ್ಕೆ, 15 ಸೆಂ.ಮೀ. ಅಂತರ ಬಿಟ್ಟು ಊರಿ. ಚಳಿ ತಾಗಿದರೇನೇ ಗಡ್ಡೆಯಲ್ಲಿ ಎಸಳು ಚೆನ್ನಾಗಿ ಕಟ್ಟೋದು.

ವಸಂತದ ಶುರುವಿನಲ್ಲೇ ಹೂ ಬಿಡುವ ಗಿಡಗಳಿಗೆ ಈಗ ಕತ್ತರಿ ಹಾಕಬೇಡಿ, ಮೊಗ್ಗು ಆಗಲೇ ಕಟ್ಟಿರುತ್ತದೆ, ಅಲ್ವಾ.