ಸೈಕಲ್‌ನಲ್ಲಿ ಸ್ಕಿಡ್ ಹೊಡೆದರೆ ನೇರಕ್ಕೆ ಜಾರುತ್ತದೆ, ಹಿಂಭಾಗ ತಿರುಗುವುದೇ ಇಲ್ಲ. ಡ್ರಿಫ್ಟ್ ಮಾಡುವುದು ಹೇಗೆ?

ನೀವು ಕೇಳಿರುವುದು ಮೂರು ವಿಷಯ. ಹಿಂದಿನ ಬ್ರೇಕ್ ಎಷ್ಟು ಜೋರಾಗಿ ಹಿಡಿದರೂ ಸೈಕಲ್ ನೇರಕ್ಕೇ ಜಾರುವುದು ಯಾಕೆ? ಟೈರ್ ಹಾಳಾಗುತ್ತದಾ? ಮನೆಯಲ್ಲಿ ಬೈಯುತ್ತಾರೆ, ಇದು ನಿಜವಾಗಲೂ ಅಷ್ಟು ಅಪಾಯವಾ? ಮೂರಕ್ಕೂ ನನಗೆ ತಿಳಿದಷ್ಟು ಹೇಳುತ್ತೇನೆ.

ನಾನು ಶಿರಾ ಕಡೆಯವನು. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಉಚಿತ ಸೈಕಲ್ ಕೊಡಲು ಶುರು ಮಾಡಿದ್ದು 2006–07ರಲ್ಲಿ. ಅದಾಗಿ ಎರಡು ವರ್ಷಕ್ಕೆ ನನಗೂ ಒಂದು ಬಂತು. ಸಂಜೆ ಸ್ಕೂಲ್ ಬಿಟ್ಟ ಮೇಲೆ ಮೈದಾನದಲ್ಲಿ ನಮಗೆ ಇದೇ ಕೆಲಸ. ಗರಸು ನೆಲ, ಮೇಲೆ ಸಣ್ಣ ಕಲ್ಲು. ಯಾರ ಗೆರೆ ಉದ್ದ, ಯಾರದು ಚೆನ್ನಾಗಿ ಬಾಗಿದೆ ಅಂತ ಹೆಜ್ಜೆ ಹಾಕಿ ಅಳೆಯುತ್ತಿದ್ದೆವು. ಮೊದಲ ಒಂದು ತಿಂಗಳು ನನ್ನದೂ ನಿಮ್ಮ ಹಾಗೆಯೇ, ಸ್ಕೇಲ್ ಇಟ್ಟು ಎಳೆದಂಥ ಗೆರೆ.

ಉರುಳುವ ಚಕ್ರಕ್ಕೆ ಮುಂದೆ ಹೋಗುವುದು ಸುಲಭ, ಪಕ್ಕಕ್ಕೆ ಸರಿಯುವುದು ಕಷ್ಟ. ಅದೇ ಚಕ್ರ ಬ್ರೇಕಿಗೆ ಸಿಕ್ಕಿ ನಿಂತುಬಿಟ್ಟರೆ? ಆಗ ಅದು ನೆಲದ ಮೇಲೆ ಎಳೆದುಕೊಂಡು ಹೋಗುವ ರಬ್ಬರ್ ತುಂಡು, ಅಷ್ಟೇ. ಅದಕ್ಕೆ ಮುಂದೆ ಯಾವುದು, ಪಕ್ಕ ಯಾವುದು ಗೊತ್ತಿಲ್ಲ. ಯಾವ ಕಡೆ ತಳ್ಳಿದರೆ ಆ ಕಡೆ ಜಾರುತ್ತದೆ. ನೀವು ನೇರ ಬಂದು, ನೆಟ್ಟಗೆ ಕೂತು ಬ್ರೇಕ್ ಹಿಡಿಯುತ್ತಿದ್ದೀರಿ. ಪಕ್ಕಕ್ಕೆ ತಳ್ಳುವುದು ಏನೂ ಇಲ್ಲ. ಹಾಗಾಗಿ ನೇರಕ್ಕೇ ಹೋಗುತ್ತದೆ. ಬ್ರೇಕ್ ಇನ್ನೂ ಜೋರಾಗಿ ಹಿಡಿದು ಪ್ರಯೋಜನ ಇಲ್ಲ. ಬ್ರೇಕ್ ಹಿಡಿಯುವ ಮೊದಲೇ ಸೈಕಲ್ ಸ್ವಲ್ಪ ತಿರುಗುತ್ತಿರಬೇಕು, ಸ್ವಲ್ಪ ವಾಲಿರಬೇಕು.

ಇನ್ನೊಂದು, ಮೈಭಾರ. ಬಸ್ಸಿನಲ್ಲಿ ನಿಂತಿರುವಾಗ ಡ್ರೈವರ್ ಬ್ರೇಕ್ ಹಾಕಿದರೆ ಎಲ್ಲರೂ ಮುಂದಕ್ಕೆ ವಾಲುತ್ತಾರೆ, ಅಲ್ವಾ? ಸೈಕಲ್‌ನಲ್ಲೂ ಬ್ರೇಕ್ ಹಿಡಿದ ಕೂಡಲೇ ಭಾರ ಮುಂದಿನ ಚಕ್ರಕ್ಕೆ ಹೋಗುತ್ತದೆ, ಹಿಂದಿನದು ಹಗುರ ಆಗುತ್ತದೆ. ಅದಕ್ಕೇ ಹಿಂದಿನ ಚಕ್ರ ಇಷ್ಟು ಸುಲಭವಾಗಿ ಜಾರುವುದು. ನೀವು ಸೀಟಿನ ಮೇಲೆ ಹಿಂದಕ್ಕೆ ಒರಗಿ ಕೂತರೆ ಆ ಚಕ್ರವನ್ನು ನೀವೇ ನೆಲಕ್ಕೆ ಒತ್ತಿ ಹಿಡಿದ ಹಾಗೆ. ಸೀಟಿನಿಂದ ಸ್ವಲ್ಪ ಎದ್ದು, ಎದೆಯನ್ನು ಹ್ಯಾಂಡಲ್ ಕಡೆ ತನ್ನಿ.

ಮೊದಲು ನಿಮ್ಮ ಸೈಕಲ್‌ನಲ್ಲಿ ಹಿಂದಿನ ಬ್ರೇಕ್ ಯಾವ ಕೈಗಿದೆ ನೋಡಿಕೊಳ್ಳಿ. ನಮ್ಮಲ್ಲಿ ಸಾಮಾನ್ಯವಾಗಿ ಎಡಗೈಗೆ ಹಿಂದಿನದು, ಬಲಗೈಗೆ ಮುಂದಿನದು. ರಿಪೇರಿಯಲ್ಲಿ ಅದಲುಬದಲು ಆಗಿರಲೂಬಹುದು. ಹಿಂದಿನ ಚಕ್ರ ಎತ್ತಿ ತಿರುಗಿಸಿ, ಒಂದು ಸಲ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ಎಡಕ್ಕೆ ತಿರುಗಿಸುವುದನ್ನೇ ತೆಗೆದುಕೊಳ್ಳೋಣ. ಓಡುವವರ ವೇಗ ಸಾಕು, ಜಾಸ್ತಿ ಬೇಡ. ಪೆಡಲ್ ನಿಲ್ಲಿಸಿ. ಬಲ ಪೆಡಲ್ ಕೆಳಗೆ, ಎಡಗಾಲು ನೆಲಕ್ಕೆ ಇಡಲು ತಯಾರಾಗಿರಲಿ. ಹ್ಯಾಂಡಲ್ ಸ್ವಲ್ಪ ಎಡಕ್ಕೆ, ಮೈಯೂ ಎಡಕ್ಕೆ. ಸೈಕಲ್ ತಿರುಗಲು ಶುರು ಮಾಡಿತು ಅನ್ನುವಾಗ ಹಿಂದಿನ ಬ್ರೇಕನ್ನು ಒಮ್ಮೆಲೇ ಹಿಡಿಯಿರಿ. ನಿಧಾನವಾಗಿ ಒತ್ತುತ್ತಾ ಹೋದರೆ ಬರೀ ವೇಗ ಕಡಿಮೆ ಆಗುತ್ತದೆ, ಚಕ್ರ ನಿಲ್ಲುವುದಿಲ್ಲ. ಸರಿಯಾಗಿ ಹಿಡಿದರೆ ಹಿಂಭಾಗ ಬಲಕ್ಕೆ ಬೀಸಿಕೊಂಡು ಹೋಗುತ್ತದೆ. ಆ ಕ್ಷಣದಲ್ಲಿ ಹ್ಯಾಂಡಲ್ ಅನ್ನೂ ಬಲಕ್ಕೆ ಬಿಡಬೇಕು. ಅಂದರೆ ಬಾಲ ಯಾವ ಕಡೆ ಹೋಗುತ್ತಿದೆಯೋ ಆ ಕಡೆಗೇ. ಕಣ್ಣು ಮಾತ್ರ ನೀವು ಹೋಗಿ ನಿಲ್ಲಬೇಕಾದ ಜಾಗದ ಮೇಲಿರಲಿ. ಚಕ್ರ ನೋಡುತ್ತಾ ಕೂತರೆ ಬೀಳುತ್ತೀರಿ.

ಇಲ್ಲಿ ಒಂದು ಮಾತು ದಯವಿಟ್ಟು ನೆನಪಿಟ್ಟುಕೊಳ್ಳಿ. ಸೈಕಲ್ ಅಡ್ಡ ಆಗಿರುವಾಗ ಗಾಬರಿಯಾಗಿ ಬ್ರೇಕ್ ಬಿಡಬೇಡಿ. ಬಿಟ್ಟರೆ ಚಕ್ರ ಮತ್ತೆ ಉರುಳುತ್ತದೆ, ಉರುಳುವ ಚಕ್ರ ಪಕ್ಕಕ್ಕೆ ಜಾರಲು ಒಪ್ಪುವುದಿಲ್ಲ. ನೆಲ ಕಚ್ಚಿಬಿಡುತ್ತದೆ. ಸೈಕಲ್ ಅಲ್ಲೇ ತಡೆಯುತ್ತದೆ, ನಿಮ್ಮ ಮೈ ಮಾತ್ರ ಹೋಗುತ್ತಲೇ ಇರುತ್ತದೆ. ನೀವು ವಾಲಿದ ಕಡೆಗಲ್ಲ, ಅದರ ಎದುರು ಕಡೆಗೆ ಎಗರಿ ಬೀಳುತ್ತೀರಿ. ಬೈಕ್ ರೇಸಿನವರು ಇದಕ್ಕೆ ಹೈಸೈಡ್ ಅನ್ನುತ್ತಾರೆ. ಗರಸಿನ ಮೇಲೆ ಇದು ಅಷ್ಟು ಜೋರಾಗಿ ಆಗುವುದಿಲ್ಲ, ಯಾಕೆಂದರೆ ಅಲ್ಲಿ ಕಚ್ಚಲು ಗಟ್ಟಿ ನೆಲವೇ ಇಲ್ಲ. ಟಾರ್ ರೋಡಿನಲ್ಲಿ ಕ್ಷಣದಲ್ಲಿ ಆಗಿಹೋಗುತ್ತದೆ. ನಾನು ಮೈದಾನದ ಧೈರ್ಯವನ್ನು ಮನೆ ಮುಂದಿನ ಟಾರ್ ರೋಡಿಗೆ ತಂದ ದಿನ ಇದೇ ಆಯಿತು. ಬಲ ಮಣಿಕಟ್ಟು ಊದಿ ಮೂರು ವಾರ ನೋಟ್ಸ್ ಬರೆಯಲು ಆಗಲಿಲ್ಲ. ಹಿಡಿದ ಬ್ರೇಕನ್ನು ಸೈಕಲ್ ನಿಲ್ಲುವ ತನಕ ಹಿಡಿದೇ ಇರಿ. ಇಲ್ಲವೇ ಅಡ್ಡ ಆಗುವ ಮೊದಲೇ, ಇನ್ನೂ ನೇರ ಇರುವಾಗ ಬಿಡಿ.

ಮುಂದಿನ ಬ್ರೇಕಂತೂ ಆ ಹೊತ್ತಿನಲ್ಲಿ ಮುಟ್ಟಲೇಬೇಡಿ. ಸೈಕಲ್ ಬೀಳದೆ ನಿಲ್ಲುವುದೇ ಮುಂದಿನ ಚಕ್ರವನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಇರುವುದರಿಂದ. ಹಿಂದಿನದು ಜಾರಿದರೆ ಸುಧಾರಿಸಿಕೊಳ್ಳಬಹುದು. ವಾಲಿರುವಾಗ ಮುಂದಿನದು ಜಾರಿದರೆ ಕಾಲು ಕೊಡಲೂ ಸಮಯ ಸಿಗುವುದಿಲ್ಲ.

ಕಾರಿನವರ ಹಾಗೆ ಮೂಲೆಯುದ್ದಕ್ಕೂ ಹೊಗೆ ಎಬ್ಬಿಸಿ ಡ್ರಿಫ್ಟ್ ಮಾಡಬೇಕು ಅಂತ ನಿಮ್ಮ ಮನಸ್ಸಿನಲ್ಲಿದ್ದರೆ, ಸೈಕಲ್‌ನಲ್ಲಿ ಅದು ಬರುವುದಿಲ್ಲ. ಅಲ್ಲಿ ಇಂಜಿನ್ ಶಕ್ತಿ ಹಿಂದಿನ ಚಕ್ರವನ್ನು ತಿರುಗಿಸಿ ಜಾರಿಸುತ್ತದೆ. ನಮ್ಮ ಕಾಲಿಗೆ ಟಾರಿನ ಮೇಲೆ ಅಷ್ಟು ಶಕ್ತಿ ಇಲ್ಲ. ಆದರೆ ಸಡಿಲ ನೆಲದಲ್ಲಿ ಬ್ರೇಕೇ ಇಲ್ಲದೆ ಮೂಲೆಗಳಲ್ಲಿ ಜಾರುತ್ತಾ ರೇಸ್ ಮಾಡುವವರು ಇದ್ದಾರೆ. ಇಂಗ್ಲೆಂಡಿನಲ್ಲಿ ಎರಡನೇ ಮಹಾಯುದ್ಧ ಮುಗಿದ ಮೇಲೆ, ಬಾಂಬ್ ಬಿದ್ದು ಬಯಲಾದ ಜಾಗಗಳಲ್ಲಿ ಹುಡುಗರು ಹಳೆಯ ಸೈಕಲ್ ಇಟ್ಟುಕೊಂಡು ಶುರು ಮಾಡಿದ ಆಟ ಅದು. ಸೈಕಲ್ ಸ್ಪೀಡ್‌ವೇ ಅಂತ ಹೆಸರು. ನಾಲ್ಕು ಜನ, ನಾಲ್ಕು ಸುತ್ತು, ಬರೀ ಎಡಕ್ಕೇ ತಿರುಗುವುದು. ಎಡಗಾಲು ಚಾಚಿಕೊಂಡು ಅವರು ಮೂಲೆ ದಾಟುವುದನ್ನು ವಿಡಿಯೋದಲ್ಲಿ ನೋಡಿ. ಭಾರ ಎಲ್ಲಿಡಬೇಕು ಅನ್ನುವುದು ನನ್ನ ಮಾತಿಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಇನ್ನು ಟೈರ್. ಹಾಳಾಗುತ್ತದೆ, ಖಂಡಿತ. ಅದೂ ಎಲ್ಲ ಕಡೆ ಸಮನಾಗಿ ಸವೆದರೆ ಪರವಾಗಿಲ್ಲ, ಹಾಗೆ ಆಗುವುದಿಲ್ಲ. ನನ್ನದು ಆರು ತಿಂಗಳಿಗೆ ಒಂದೇ ಜಾಗದಲ್ಲಿ ಬೋಳಾಗಿ ನೂಲು ಕಾಣಿಸಿತು. ಪಂಚರ್ ಅಂಗಡಿಯವರು ಚಕ್ರ ತಿರುಗಿಸಿ ತೋರಿಸಿದರು. ರಿಮ್ ಸ್ವಲ್ಪ ಬೆಂಡ್ ಆಗಿತ್ತು. ಬೆಂಡ್ ಇರುವ ಜಾಗ ಬಂದಾಗಲೇ ಬ್ರೇಕ್ ರಬ್ಬರ್ ಗಟ್ಟಿಯಾಗಿ ಹಿಡಿಯುತ್ತಿತ್ತು, ಹಾಗಾಗಿ ಪ್ರತಿ ಸಲ ಅದೇ ಜಾಗ ನೆಲಕ್ಕೆ ಉಜ್ಜುತ್ತಿತ್ತು. ರಿಮ್ ನೇರ ಮಾಡಿಸಿದ ಮೇಲೆ ಹಿಂದಕ್ಕೆ ಹಾಕಿದ ಹೊಸ ಟೈರ್ ಜಾಸ್ತಿ ದಿನ ಬಂತು.

ಫ್ರೀವೀಲ್ ಇಲ್ಲದ, ಅಂದರೆ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ಕೂಡ ತಿರುಗುತ್ತಲೇ ಇರುವ ಫಿಕ್ಸಿ ಸೈಕಲ್‌ಗಳಲ್ಲಿ ಇದೇ ವಿಷಯ ಲೆಕ್ಕಕ್ಕೆ ಸಿಗುತ್ತದೆ, ನನಗೆ ಅದು ತುಂಬಾ ಇಷ್ಟ. ಅವರು ಪೆಡಲ್ ತಡೆದೇ ಸ್ಕಿಡ್ ಹೊಡೆಯುತ್ತಾರೆ, ಯಾವಾಗಲೂ ಕಾಲು ಒಂದೇ ಸ್ಥಿತಿಯಲ್ಲಿ ಇರುವಾಗ. ಚೈನ್ ಕೂರುವ ಹಲ್ಲಿನ ಚಕ್ರಗಳಲ್ಲಿ ಮುಂದೆ 48 ಹಲ್ಲು, ಹಿಂದೆ 16 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರ ಸರಿಯಾಗಿ ಮೂರು ಸುತ್ತು. ಅಂದರೆ ಪ್ರತಿ ಸಲ ಟೈರಿನ ಅದೇ ಜಾಗ ಕೆಳಗೆ ಬರುತ್ತದೆ. ಅದೇ 47 ಮತ್ತು 17 ಇದ್ದರೆ ಲೆಕ್ಕ ಸರಿಯಾಗಿ ಭಾಗವಾಗುವುದಿಲ್ಲ, ಹಾಗಾಗಿ ಸವೆತ 17 ಜಾಗಕ್ಕೆ ಹಂಚಿಹೋಗುತ್ತದೆ.

ಟೈರಿನಲ್ಲಿ ಗಾಳಿ ಕಡಿಮೆ ಇಟ್ಟು ಮಾತ್ರ ಸ್ಕಿಡ್ ಹೊಡೆಯಬೇಡಿ. ಬ್ರೇಕ್ ಹಿಡಿಯುವುದು ರಿಮ್ಮನ್ನು. ಟೈರ್ ಸಡಿಲ ಇದ್ದರೆ ರಿಮ್ಮಿನ ಮೇಲೇ ಜರುಗುತ್ತದೆ, ಒಳಗಿನ ಟ್ಯೂಬನ್ನೂ ಎಳೆಯುತ್ತದೆ, ವಾಲ್ವ್ ಬುಡದಲ್ಲಿ ಕಿತ್ತು ಬರುತ್ತದೆ. ಅಲ್ಲಿ ಕಿತ್ತರೆ ಪ್ಯಾಚ್ ಹಾಕಲು ಆಗುವುದಿಲ್ಲ.

ಅಪಾಯದ ಬಗ್ಗೆ ಮನೆಯವರು ಹೇಳುವುದು ಒಂದು ವಿಷಯದಲ್ಲಿ ಪೂರ್ತಿ ಸರಿ. ಸ್ಕಿಡ್ ಹೊಡೆದು ನಿಲ್ಲಿಸುವುದನ್ನೇ ಬ್ರೇಕ್ ಹಾಕುವುದು ಅಂದುಕೊಂಡರೆ ಕಷ್ಟ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ, ಒಣ ಟಾರಿನ ಮೇಲೆ, ಹಿಂದಿನ ಬ್ರೇಕ್ ಒಂದೇ ಹಿಡಿದರೆ ನಿಲ್ಲಲು ಸುಮಾರು 6 ಮೀಟರ್ ಬೇಕು. ಎರಡನ್ನೂ ಹದವಾಗಿ ಹಿಡಿದರೆ ಹತ್ತಿರ ಹತ್ತಿರ ಅದರ ಅರ್ಧ. ಎದುರಿಗೆ ಮಗು ಓಡಿ ಬಂದರೆ ಆ 3 ಮೀಟರ್ ಎಷ್ಟು ದೊಡ್ಡದು ಯೋಚಿಸಿ. ಡ್ರಿಫ್ಟ್ ಕಲಿಯುವ ಜೊತೆಗೇ, ನೇರ ಹೋಗುವಾಗ ಮುಂದಿನ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಜೋರು ಮಾಡುವುದನ್ನೂ ಕಲಿಯಿರಿ.

ಆದರೆ ಸ್ಕಿಡ್ ಕಲಿಯುವುದೇ ಕೆಟ್ಟದ್ದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸುಗ್ಗಿ ಕಾಲದಲ್ಲಿ ನಮ್ಮ ಕಡೆ ರೋಡಿನ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ, ಗಾಡಿ ಓಡಾಡಿ ಒಕ್ಕಣೆ ಆಗಲಿ ಅಂತ. ಒಣಗಿದ ಹುರುಳಿ ಗಿಡದ ಮೇಲೆ ಟೈರ್ ನಿಲ್ಲುವುದೇ ಇಲ್ಲ. ಪಿಯುಸಿಗೆ ಹೋಗುವಾಗ ಒಂದು ತಿರುವಿನಲ್ಲಿ ಹೀಗೇ ಸಿಕ್ಕಿಕೊಂಡೆವು. ಪಕ್ಕದಲ್ಲಿದ್ದ ಗೆಳೆಯ ಗಾಬರಿಯಾಗಿ ಎರಡೂ ಬ್ರೇಕ್ ಹಿಡಿದ, ಮುಂದಿನ ಚಕ್ರ ಜಾರಿ ಅಲ್ಲೇ ಮಗುಚಿದ. ನನ್ನ ಹಿಂದಿನ ಚಕ್ರವೂ ಜಾರಿತು. ಆದರೆ ನಾನು ಯೋಚಿಸುವ ಮೊದಲೇ ಹ್ಯಾಂಡಲ್ ಆ ಕಡೆ ತಿರುಗಿತ್ತು, ಎಡಗಾಲು ಕೆಳಗೆ ಬಂದಿತ್ತು. ಮೈದಾನದಲ್ಲಿ ನೂರು ಸಲ ಮಾಡಿದ್ದನ್ನೇ ಮೈ ಮಾಡಿತು.

ಹಾಗಾಗಿ ಕಲಿಯಿರಿ, ಆದರೆ ಗರಸು ಇಲ್ಲವೇ ಮಣ್ಣಿನ ಮೈದಾನದಲ್ಲಿ, ಯಾರೂ ಓಡಾಡದ ಹೊತ್ತಿನಲ್ಲಿ. ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ, ನೆಲಕ್ಕೆ ಇಡುವ ಕಾಲು ಅದೇ. ಹೆಲ್ಮೆಟ್, ಪೂರ್ತಿ ತೋಳಿನ ಅಂಗಿ. ಪಂಚರ್ ಅಂಗಡಿಯಲ್ಲಿ ಸವೆದ ಹಳೆಯ ಟೈರ್ ಇದ್ದರೆ ಕೇಳಿ, ಸುಮ್ನೆ ಕೊಟ್ಟುಬಿಡುತ್ತಾರೆ. ನೂಲು ಕಾಣದೇ ಇರುವಂಥದ್ದು ನೋಡಿ ತೆಗೆದುಕೊಂಡು ಅಭ್ಯಾಸದ ದಿನ ಹಿಂದಿನ ಚಕ್ರಕ್ಕೆ ಅದನ್ನೇ ಹಾಕಿ. ಬೋಳು ಟೈರ್ ಬೇಗ ಜಾರುತ್ತದೆ, ಒಳ್ಳೆಯ ಟೈರ್ ಸ್ಕೂಲಿಗೆ ಹೋಗಲು ಉಳಿಯುತ್ತದೆ.