ನಿಲ್ಲಿಸಿಟ್ಟ ಎಂಜಿನ್, ಬೀಗ ಹಾಕಿದ ಮನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬೋರ್‌ವೆಲ್‌ಗೆ ಕರೆಂಟ್ ಮೋಟಾರ್ ಕೂಡಿಸಿದ ಮ್ಯಾಲೆ ಹಳ್ಳದ ದಂಡಿಯ 5 ಎಚ್‌ಪಿ ಡೀಸೆಲ್ ಎಂಜಿನ್ ಎರಡು ವರ್ಷ ನಿಂತಿತ್ತು. ತಾಡಪತ್ರಿ ಬಿಗಿಯಾಗಿ ಸುತ್ತಿ ಇಟ್ಟಿದ್ವಿ. ಈಗ ಹ್ಯಾಂಡಲ್ ತಿರುಗವಲ್ದು. ಏನು ಮಾಡಬೇಕ್ರಿ?
– ರಾಣೆಬೆನ್ನೂರು ತಾಲ್ಲೂಕಿನ ಓದುಗರು

ಉತ್ತರ: ಬಿಗಿಯಾಗಿ ಸುತ್ತಿದ್ದೇ ಮುಳುವಾಗಿದೆ. ಹಗಲು ನೆಲದ ಪಸೆ ಆವಿಯಾಗಿ ತಾಡಪತ್ರಿಯೊಳಗೆ ತುಂಬುತ್ತದೆ, ರಾತ್ರಿ ತಂಪಿಗೆ ಅದೇ ಕಬ್ಬಿಣದ ಮೇಲೆ ಬೆವರಿನಂತೆ ಇಳಿಯುತ್ತದೆ. ಸೈಲೆನ್ಸರ್ ಬಾಯಿ ತೆರೆದಿದ್ದರೆ ಪಿಸ್ಟನ್ ಆಡುವ ಕೊಳವೆಗೂ (ಲೈನರ್) ತುಕ್ಕು ಹಿಡಿದು ಪಿಸ್ಟನ್ ರಿಂಗ್ ಕಚ್ಚಿಕೊಳ್ಳುತ್ತದೆ.

ಹ್ಯಾಂಡಲಿಗೆ ಪೈಪ್ ಸಿಕ್ಕಿಸಿ ಜಗ್ಗಬೇಡಿ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ, ಡೀಸೆಲ್ ಮತ್ತು ಎಂಜಿನ್ ಆಯಿಲ್ ಸಮಪಾಲು ಬೆರೆಸಿ ಆ ತೂತಿನಿಂದ ಸುಮಾರು 50 ಮಿ.ಲೀ. ಹಾಕಿ, ಎರಡು ಮೂರು ದಿನ ನೆನೆಯಲು ಬಿಡಿ. ಆಮೇಲೆ ಫ್ಲೈವೀಲ್ ಹಿಡಿದು ಹಿಂದೆ ಮುಂದೆ ಆಡಿಸಿ. ಸಡಿಲಾದ ಮೇಲೆ ಇಂಜೆಕ್ಟರ್ ಕೂಡಿಸುವ ಮುಂಚೆಯೇ ಹತ್ತಿಪ್ಪತ್ತು ಸುತ್ತು ತಿರುಗಿಸಿ, ಒಳಗಿನ ಎಣ್ಣೆ ಹೊರಗೆ ಬೀಳಲಿ. ಎಣ್ಣೆಯನ್ನು ಗಾಳಿಯಂತೆ ಒತ್ತಿ ಕುಗ್ಗಿಸಲಾಗದು. ಪಿಸ್ಟನ್ ಮೇಲೆ ತುಂಬಿಕೊಂಡಿದ್ದರೆ ಪಿಸ್ಟನ್ನಿಗೆ ಕೂಡಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ವಲ್ಪ ಡೀಸೆಲ್ ಕೆಳಗಿನ ಆಯಿಲ್‌ಗೂ ಇಳಿದಿರುತ್ತದೆ, ಆದ್ದರಿಂದ ಆಯಿಲ್ ಬದಲಿಸಿಯೇ ಚಾಲೂ ಮಾಡಿ.

ಮತ್ತೆ ನಿಲ್ಲಿಸುವಾಗ 15 ನಿಮಿಷ ಓಡಿಸಿ, ಬಿಸಿ ಇರುವಾಗಲೇ ಹಳೆ ಆಯಿಲ್ ಇಳಿಸಿ ಹೊಸದು ಹಾಕಿ. ಹಳೆಯದರಲ್ಲಿ ಆಮ್ಲ ಸೇರಿರುತ್ತದೆ, ನಿಂತಲ್ಲೇ ಬೇರಿಂಗ್ ತಿನ್ನುತ್ತದೆ. ಹೊಸ ಆಯಿಲ್ ಎಲ್ಲ ಕಡೆ ಹರಡಲು ಐದು ನಿಮಿಷ ಓಡಿಸಿ. ತಂಪಾಗಿಸುವ ನೀರನ್ನು ಪೂರ್ತಿ ಖಾಲಿ ಮಾಡಿ. ಡೀಸೆಲ್ ಟ್ಯಾಂಕ್ ಮಾತ್ರ ಬಾಯಿಮಟ ತುಂಬಿ. ಅರ್ಧ ಖಾಲಿ ಟ್ಯಾಂಕಿನಲ್ಲಿ ನೀರು ಕಟ್ಟಿ ಡೀಸೆಲ್ ಪಂಪಿಗೆ ತುಕ್ಕು ಹಿಡಿಯುತ್ತದೆ. ಇಂಜೆಕ್ಟರ್ ತೂತಿನಿಂದ 15–20 ಮಿ.ಲೀ. ಆಯಿಲ್ ಬಿಟ್ಟು ನಿಧಾನ ಹತ್ತು ಸುತ್ತು ತಿರುಗಿಸಿ. ಇಂಜೆಕ್ಟರ್ ಕೂಡಿಸಿದ ಮೇಲೆ ತಿರುಗಿಸುತ್ತಾ ಹೋಗಿ, ಕಂಪ್ರೆಷನ್ ಬಿಗಿ ಕೈಗೆ ತಾಗಿದಲ್ಲಿ ನಿಲ್ಲಿಸಿ. ಅಲ್ಲಿ ಎರಡೂ ವಾಲ್ವ್ ಮುಚ್ಚಿರುತ್ತವೆ. ಸೈಲೆನ್ಸರ್ ಮತ್ತು ಏರ್ ಕ್ಲೀನರ್ ಬಾಯಿಗೆ ಎಣ್ಣೆಬಟ್ಟೆ ತುರುಕಿ, ‘ಬಟ್ಟೆ ತೆಗೆದು ಚಾಲೂ ಮಾಡು’ ಎಂದು ಹ್ಯಾಂಡಲಿಗೊಂದು ಚೀಟಿ ಕಟ್ಟಿ. ಮರೆಯುವುದು ಇದೊಂದೇ! ಬೆಲ್ಟ್ ಕಳಚಿ, ಎಂಜಿನ್ನನ್ನು ಕಟ್ಟಿಗೆ ತುಂಡುಗಳ ಮೇಲೆ ಎತ್ತರಿಸಿ. ತಾಡಪತ್ರಿ ಕೊಡೆಯಂತಿರಲಿ, ಕೆಳಗೆ ಗಾಳಿ ಆಡಬೇಕು.

ಪ್ರಶ್ನೆ: ಜೂನ್‌ನಿಂದ ಆರು ತಿಂಗಳು ಮಗಳ ಊರಿಗೆ ಹೊರಟಿದ್ದೇವೆ. ಆರ್‌ಸಿಸಿ ಮನೆ. ಕಿಟಕಿ ಎಲ್ಲ ಭದ್ರವಾಗಿ ಮುಚ್ಚಿದರೆ ಸಾಕೇ?
– ಧಾರವಾಡದ ಓದುಗರು

ಉತ್ತರ: ಎಲ್ಲವನ್ನೂ ಮುಚ್ಚಿದರೆ ಶ್ರಾವಣದ ಹೊತ್ತಿಗೆ ಗೋಡೆಗೆ ಬೂಸ್ಟು. ಧಾರವಾಡದ ಮಳೆ ಪಡುವಣ ಗಾಳಿಯೊಂದಿಗೆ ಬರುತ್ತದೆ. ಆ ಕಡೆಯ ಕಿಟಕಿ ಮುಚ್ಚಿ, ಮೂಡಣದ ವೆಂಟಿಲೇಟರ್‌ಗೆ ಜಾಳಿಗೆ ಬಡಿದು ತೆರೆದಿಡಿ. ಒಳಬಾಗಿಲು, ಕಪಾಟು ತೆರೆದಿರಲಿ. ಗಾದಿಯನ್ನು ಗೋಡೆಯಿಂದ ಅರ್ಧ ಅಡಿ ದೂರ ನಿಲ್ಲಿಸಿ. ಫ್ರಿಜ್ ಒರೆಸಿ, ಬಾಗಿಲಿಗೆ ಒಂದು ಕಟ್ಟಿಗೆ ಚೂರು ಸಿಕ್ಕಿಸಿ.

ಬಚ್ಚಲ ಕೆಳಗಿನ ಬಾಗಿದ ಪೈಪಿನಲ್ಲಿ (ಟ್ರ್ಯಾಪ್) ನಿಂತ ನೀರೇ ಗಟಾರದ ವಾಸನೆ, ಜಿರಳೆ ತಡೆಯುವುದು. ಅದು ಒಣಗುತ್ತದೆ. ಹೊರಡುವ ದಿನ ಒಂದು ಮಗ್ ನೀರು ಸುರಿದು, ಮೇಲೆ ನಾಲ್ಕು ಚಮಚ ಅಡುಗೆಎಣ್ಣೆ ಬಿಡಿ. ಎಣ್ಣೆಯ ಪದರ ನೀರು ಆರುವುದನ್ನು ನಿಧಾನಿಸುತ್ತದೆ. ತಾರಸಿಯ ನೀರು ಇಳಿಯುವ ಪೈಪಿನ ಬಾಯಲ್ಲಿ ಎಲೆ ಕಟ್ಟಿದರೆ ಮಾತ್ರ ದೂರದಿಂದ ಏನೂ ಮಾಡಲಾಗದು. ತಿಂಗಳಿಗೊಮ್ಮೆ ಮೇಲೆ ಹತ್ತಿ ನೋಡುವವರಿಗೆ ಕೀಲಿ ಕೊಟ್ಟು ಹೋಗಿ.

ಪ್ರಶ್ನೆ: ನಾಲ್ಕು ತಿಂಗಳು ಊರಲ್ಲಿರುವುದಿಲ್ಲ. ಇನ್ವರ್ಟರ್ ಸ್ವಿಚ್ ಆಫ್ ಮಾಡಿದರೆ ಬ್ಯಾಟರಿ ಉಳಿದೀತೇ?
– ಗದಗಿನ ಓದುಗರು

ಉತ್ತರ: ಸಾಲದು. ಪೂರ್ತಿ ಚಾರ್ಜ್ ಮಾಡಿ, ಗುರುತಿನ ಮಟ್ಟಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿ. ಮುಖ್ಯ ಪ್ಲಗ್ ಕಿತ್ತು, ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ವೈರ್ ಬಿಚ್ಚಿ, ಟರ್ಮಿನಲ್‌ಗೆ ವ್ಯಾಸಲೀನ್ ಸವರಿ. ಪೂರ್ತಿ ತುಂಬಿದ ಬ್ಯಾಟರಿ 12.6 ವೋಲ್ಟಿನ ಮೇಲೆ ತೋರಿಸುತ್ತದೆ, 12.4ಕ್ಕಿಂತ ಇಳಿದರೆ ಮತ್ತೆ ಚಾರ್ಜ್ ಬೇಕು. ಬೇಸಿಗೆ ಬಿಸಿಗೆ ಬೇಗ ಇಳಿಯುತ್ತದೆ, ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾದರೆ ಮತ್ತೆ ಏಳುವುದು ಕಷ್ಟ. ನೆಲದ ಮೇಲಿಟ್ಟರೆ ಚಾರ್ಜ್ ಸೋರುತ್ತದೆ ಎನ್ನುವುದು ಈಗಿನ ಪ್ಲಾಸ್ಟಿಕ್ ಡಬ್ಬದ ಬ್ಯಾಟರಿಗೆ ಅನ್ವಯಿಸದು. ನೋಡಿಕೊಳ್ಳುವವರು ಇಲ್ಲವೆಂದರೆ, ಅಷ್ಟು ದಿನ ನೆರೆಮನೆಯವರ ಇನ್ವರ್ಟರ್‌ಗೆ ಹಚ್ಚಿಕೊಳ್ಳಲು ಕೊಡಿ.